ವರ್ಷಾಬ್ದಿಕದ ಹಾಗಲಕಾಯಿ

ಬಳ್ಳಿ ಆಳೆತ್ತರ ಬೆಳೆದು, ಕಾಂಪೌಂಡಿನ ಕಂಬಿ ಹತ್ತಿ, ಬೀದಿಯ ಕಡೆಗೂ ಇಳಿಬಿದ್ದಿತ್ತು. ಎಲೆಗೆ ಕೊರತೆಯಿಲ್ಲ, ಮೊಗ್ಗಿಗೂ ಕೊರತೆಯಿಲ್ಲ. ಕಾಯಿ ಮಾತ್ರ ಒಂದೂ ಇಲ್ಲ. ಇಷ್ಟು ಸೊಂಪಾಗಿ ಬೆಳೆದು ಇಷ್ಟು ನಿಷ್ಪ್ರಯೋಜಕವಾದ ಹಾಗಲಬಳ್ಳಿ ಜಯನಗರದಲ್ಲಿ ಇನ್ನೊಂದು ಇರಲಾರದು.

ಬೀಜ ನನ್ನ ಹೆಂಡತಿ ವಿಶಾಲಾಕ್ಷಿ ಎತ್ತಿಟ್ಟದ್ದು. ಬೂದಿಯಲ್ಲಿ ಹೊರಳಿಸಿ, ಒಣಗಿಸಿ, ಸೀಸೆಯಲ್ಲಿ ಹಾಕಿಟ್ಟಿದ್ದಳು. ಬಿತ್ತುವ ಮೊದಲೇ ಹೊರಟುಹೋದಳು. ಶ್ರಾದ್ಧದ ಎಲೆಗೆ ಹಾಗಲಕಾಯಿ ಬೀಳಲೇಬೇಕು, ಅದೂ ಅಂಗಡಿಯದಲ್ಲ, ಮನೆಯದು ಎನ್ನುವುದು ಅವಳ ಹಟ. ನನ್ನ ತಾಯಿಯ ತಿಥಿಯನ್ನು ಅವಳು ಇದ್ದಷ್ಟು ವರ್ಷವೂ ಹಾಗೆಯೇ ನಡೆಸಿದಳು. ಈಗ ಅವಳದೇ ವರ್ಷಾಬ್ದಿಕ ಹತ್ತಿರ ಬರುತ್ತಿತ್ತು. ಅವಳ ಹೆಸರಿನ ಎಲೆಗೆ ಅವಳ ಬೀಜದ ಕಾಯಿಯನ್ನೇ ಬಡಿಸುತ್ತೇನೆಂದು ದೇವರ ಮುಂದೆ ನಿಂತು ಹೇಳಿದ್ದೆ.

ಸಂಕಲ್ಪ ಮಾಡಿದವನು ನಾನೊಬ್ಬ. ಸಲಹೆ ಕೊಡುವವರು ಎಲ್ಲರೂ.

"ಅಪ್ಪ, ಮಣ್ಣಲ್ಲಿ ಪೊಟ್ಯಾಶ್ ಕಮ್ಮಿ ಇದೆ. ಆರ್ಡರ್ ಮಾಡಿದೀನಿ, ಸಂಜೆಗೆ ಬರತ್ತೆ" ಎಂದ ಮಗ ಸಿದ್ಧಾರ್ಥ. ಬಗೆಬಗೆಯ ಸೀಸೆಗಳು ಬಂದವು. ಬಳ್ಳಿ ಎಲ್ಲವನ್ನೂ ಕುಡಿದು ಇನ್ನಷ್ಟು ಎಲೆ ಬಿಟ್ಟಿತು.

ಸೊಸೆ ಸಮನ್ವಿತಾ ಬಣ್ಣ ಹಚ್ಚುವ ಸಣ್ಣ ಕುಂಚ ಹಿಡಿದುಕೊಂಡು ಬಂದಳು. "ಮಾವ, ಗಂಡು ಹೂವಿನ ಪುಡೀನ ಹೆಣ್ಣು ಹೂವಿಗೆ ನಾವೇ ಮುಟ್ಟಿಸ್ಬೇಕಂತೆ. ಹೆಣ್ಣು ಹೂವಿನ ಹಿಂದೆ ಪುಟಾಣಿ ಕಾಯಿ ಅಂಟ್ಕೊಂಡಿರತ್ತೆ, ನೋಡಿ."

ನೋಡೋಣವೆಂದರೆ ಹೂವೇ ಇರಲಿಲ್ಲ. ಹಿಂದಿನ ಸಂಜೆ ಬಿರಿಯಲು ಸಿದ್ಧವಾಗಿದ್ದ ಮೊಗ್ಗುಗಳ ಜಾಗದಲ್ಲಿ ಬರೀ ತೊಟ್ಟು.

"ಉದುರಿರ್ಬೇಕು" ಎಂದಳು.

"ಉದುರಿದ್ರೆ ನೆಲದ ಮೇಲೆ ಇರ್ಬೇಕಲ್ಲಮ್ಮ?"

"ಹಾಗಾದ್ರೆ ಅಳಿಲು."

ಅಳಿಲಿನ ಮೇಲೆ ಹೊರಿಸಿ ಆಫೀಸಿಗೆ ಹೋದಳು.

ಇವರೆಲ್ಲರ ಮೇಲೆ ಎದುರುಮನೆಯ ಶಾಮಣ್ಣ. ನನ್ನ ವಯಸ್ಸಿನವರೇ. ಬೆಳಗಿನ ಜಾವ ಎದ್ದು ಬೀದಿ ಕೊನೆಯ ಮಠಕ್ಕೆ ಹೋಗಿ, ಬರುವಾಗ ನಮ್ಮ ಗೇಟಿನಲ್ಲಿ ನಿಲ್ಲದೆ ಮುಂದೆ ಹೋದವರಲ್ಲ.

"ಏನ್ ರಾಮಪ್ರಸಾದ್, ಕಾಯಿ ಬಿಡ್ತಾ?"

"ಇಲ್ಲ."

"ಹುಳಿಮಜ್ಜಿಗೆ ಹಾಕಿ."

ಮರುದಿನ, "ಬೇವಿನಹಿಂಡಿ ಹಾಕಿ." ಅದರ ಮರುದಿನ, "ದೃಷ್ಟಿಯಾಗಿದೆ ರೀ. ಹಳೇ ಚಪ್ಪಲಿ ಕಟ್ಟಿ."

"ಶ್ರಾದ್ಧದ ಕಾಯಿ ಬಿಡೋ ಬಳ್ಳಿಗೆ ಚಪ್ಪಲಿ ಕಟ್ತಾರೇನ್ರೀ?"

"ಕಾಯಿ ಬಿಟ್ಮೇಲೆ ಬಿಚ್ಚಿ."

ಇಷ್ಟಾದ ಮೇಲೆ ಬೊಗಸೆಯಲ್ಲಿ ಮಂತ್ರಾಕ್ಷತೆ, ಪ್ರಸಾದದ ಹೂವು ಕೊಡುವರು. ಪ್ರಸಾದವನ್ನು ಯಾರೂ ತಿರುಗಿಸಿ ಪರೀಕ್ಷಿಸುವುದಿಲ್ಲ. ಕಣ್ಣು ಮುಚ್ಚಿ, ಕಣ್ಣಿಗೊತ್ತಿಕೊಂಡು, ಕಿವಿಯ ಮೇಲೆ ಇಟ್ಟುಕೊಳ್ಳುವೆ. ಸ್ನಾನದ ಹೊತ್ತಿಗೆ ತುಳಸಿಯ ಬುಡಕ್ಕೆ ಹಾಕುವೆ. ಹೀಗೆ ಎಷ್ಟೋ ದಿನ ನಡೆಯಿತು.

ಒಂದು ಗುರುವಾರ ಹೂವನ್ನು ಕಿವಿಗೆ ಸಿಕ್ಕಿಸುವಾಗ ಬೆರಳಿಗೆ ಏನೋ ತರಕಲಾಗಿ ತಾಗಿತು. ತೆಗೆದು ನೋಡಿದೆ. ಹಳದಿ ಎಸಳು. ಹಿಂದೆ ಭತ್ತದ ಕಾಳಿನಷ್ಟು ಉದ್ದದ, ಮೈತುಂಬ ಗಂಟುಗಂಟಾದ ಹಾಗಲಕಾಯಿ.

"ಶಾಮಣ್ಣೋರೇ, ಈ ಹೂವು ಎಲ್ಲಿಂದ ತಂದ್ರಿ?"

"ಯಾಕೆ? ನಿಮ್ಮನೇದೇ" ಎಂದರು, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಬೀದಿ ಕಡೆ ಬಂದಿತ್ತು, ಒಳಗಡೇದೂ ಕೈಗೆ ಸಿಕ್ತು. ಗುರುಗಳಿಗೆ ಹಳದಿ ಹೂವು ವಿಶೇಷ."

"ದಿನಾನೂ ಕಿತ್ತಿದೀರಾ?"

"ದಿನಾನೂ. ನಿಮ್ಮ ಬಳ್ಳಿ ಕಾಯಿ ಬಿಡ್ಲಿ ಅಂತ ನಿಮ್ಮ ಹೆಸರಲ್ಲೇ ಅರ್ಚನೆ ಮಾಡಿಸ್ತಿದೀನಿ ಕಣ್ರೀ!"

ನನ್ನ ದನಿ ಬೀದಿಗೆಲ್ಲ ಕೇಳಿಸಿತು. "ಹೂವು ಕಿತ್ರೆ ಕಾಯಿ ಹೇಗ್ರೀ ಬಿಡತ್ತೆ? ಹೂವೇ ಅಲ್ವೇ ಕಾಯಾಗೋದು!"

"ದೇವರಿಗೆ ತಾನೇ ಕೊಟ್ಟಿದ್ದು, ನಾನೇನು ಮುಡ್ಕೊಂಡ್ನಾ?" ಎಂದರು ಶಾಮಣ್ಣ. "ಮುಡ್ಕೊಂಡಿದ್ದು ನೀವು."

ಅಂದಿನಿಂದ ಅವರು ನಮ್ಮ ಗೇಟಿನಲ್ಲಿ ನಿಲ್ಲುವುದನ್ನು ಬಿಟ್ಟರು. ನಾನು ಕತ್ತಲಿರುವಾಗಲೇ ಕುರ್ಚಿ ಹಾಕಿಕೊಂಡು ಬಳ್ಳಿಯ ಪಕ್ಕದಲ್ಲಿ ಕುಳಿತೆ. ವಾಕಿಂಗಿಗೆ ಬರುವವರಲ್ಲಿ ಕೈಗೊಂದು ಪ್ಲಾಸ್ಟಿಕ್ ಕವರ್ ಹಿಡಿದವರು ಎಷ್ಟು ಜನ ಎಂಬುದು ಆಗಲೇ ತಿಳಿದದ್ದು. ಒಬ್ಬಾಕೆ ಕೊಡೆಯ ಹಿಡಿಯಿಂದ ಬಳ್ಳಿಯನ್ನು ಎಳೆಯುತ್ತಿದ್ದರು. "ಅಮ್ಮಾ" ಎಂದೆ. "ಒಂದೇ ಒಂದು ಅಂಕಲ್, ಪೂಜೆಗೆ" ಎಂದರು. ಬೆಂಗಳೂರಿನ ದೇವರುಗಳಿಗೆಲ್ಲ ನಮ್ಮ ಹಾಗಲಬಳ್ಳಿಯೇ ಬೇಕಾಗಿತ್ತೋ ಏನೋ!

ಹೂವು ಬಳ್ಳಿಯಲ್ಲೇ ಉಳಿದವು. ಜೇನು ಬಂತು. ಸೊಸೆಯ ಕುಂಚಕ್ಕೂ ಕೆಲಸ ಸಿಕ್ಕಿತು. ವರ್ಷಾಬ್ದಿಕದ ಹೊತ್ತಿಗೆ ಎಲೆಗಳ ಮರೆಯಲ್ಲಿ ಮೂರು ಹಾಗಲಕಾಯಿ ಇಳಿದಿದ್ದವು. ಬೆರಳುದ್ದದವು, ಹಸಿರು ಹಸಿರಾಗಿ.

ಅಡುಗೆಯವರು ಮೂರನ್ನೂ ಅಂಗೈಯಲ್ಲಿ ಇಟ್ಟುಕೊಂಡು ನನ್ನನ್ನು ನೋಡಿದರು. "ಇಷ್ಟರಲ್ಲಿ ಏನ್ ಮಾಡ್ಲಿ ಸ್ವಾಮಿ? ಮಾರ್ಕೆಟ್ಟಿಂದ ತಂದಿರೋದನ್ನೂ ಸೇರಿಸ್ಬಿಡ್ತೀನಿ."

"ಸೇರಿಸ್ಬೇಡಿ. ಅವಳ ಎಲೆಗೆ ಆದ್ರೆ ಸಾಕು. ಮಿಕ್ಕಿದ್ರೆ ನನಗೊಂದು ತುತ್ತು."

ಎಲ್ಲವೂ ಸಿದ್ಧವಾಯಿತು. ಆಗ ಪಿತೃಸ್ಥಾನಕ್ಕೆ, ಎಂದರೆ ತೀರಿಕೊಂಡವರ ಜಾಗದಲ್ಲಿ ಕುಳಿತು ಉಣ್ಣಲು, ಹೇಳಿದ್ದ ಬ್ರಾಹ್ಮಣರಿಂದ ಫೋನು ಬಂತು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಮಧ್ಯಾಹ್ನದೊಳಗೆ ಬರಲಾರರು. ಶಾಸ್ತ್ರಿಗಳು ಗಡಿಯಾರ ನೋಡಿದರು. "ಹೊತ್ತು ಮೀರ್ತಾ ಇದೆ. ಹತ್ತಿರದಲ್ಲಿ ಬೇರೆ ಗೋತ್ರದವರು, ಇನ್ನೂ ಊಟ ಮಾಡದೇ ಇರೋರು ಯಾರಾದ್ರೂ ಇದಾರಾ?"

ನಾನು ಬಾಯಿ ತೆರೆಯುವ ಮೊದಲೇ ಸಿದ್ಧಾರ್ಥ ಎದುರುಮನೆಗೆ ಓಡಿದ್ದ.

ಶಾಮಣ್ಣ ಮಡಿಯುಟ್ಟು ಬಂದು ನನ್ನ ಮುಖ ನೋಡದೆ ಕುಳಿತರು. ಸಿದ್ಧಾರ್ಥ ಅವರ ಕಾಲು ತೊಳೆದ. ಎಲೆ ಬಿತ್ತು.

ಶ್ರಾದ್ಧಕ್ಕೆ ಕುಳಿತವರು ಅಡುಗೆಯನ್ನು ಹೊಗಳಬಾರದು, ತೆಗಳಬಾರದು. ಬೇಕಾದುದನ್ನು ಕೈಯಲ್ಲಿ ತೋರಿಸಬೇಕು. ಕೇಳಿದ್ದನ್ನು ಮನೆಯವರು ಇಲ್ಲವೆನ್ನಬಾರದು. ಜನ್ಮದಲ್ಲಿ ಮೊದಲ ಸಲ ಶಾಮಣ್ಣ ಮಾತಿಲ್ಲದೆ ಉಂಡರು. ಹಾಗಲಕಾಯಿ ಪಲ್ಯ ಮುಗಿಸಿದರು, ಬೆರಳಿನಿಂದ ಎಲೆಯ ಆ ಮೂಲೆಯನ್ನು ತೋರಿಸಿದರು. ಸಮನ್ವಿತಾ ಬಡಿಸಿದಳು. ಅದನ್ನೂ ಮುಗಿಸಿ ಮತ್ತೆ ಬೆರಳು ತೋರಿಸಿದರು.

ಸೊಸೆ ನನ್ನ ಕಿವಿಯ ಬಳಿ ಬಂದಳು. "ಮಾವ, ಇನ್ನೊಂದೇ ಸೌಟು ಇರೋದು. ನಿಮಗೆ ಉಳಿಯಲ್ಲ."

ನನ್ನ ಮೈ ಉರಿಯಿತು. ಹೂವು ಕಿತ್ತದ್ದು ಸಾಲದೆಂದು ಈಗ ಕಾಯಿಯೂ ಬೇಕೆ ಈ ಮನುಷ್ಯನಿಗೆ! ಬೇಡ ಎನ್ನಲು ಕೈ ಎತ್ತಿದೆ. ಎದುರಿಗೆ ದರ್ಭೆ ಹಾಸಿದ ಮಣೆ ಕಂಡಿತು. ಆ ಮಣೆಯ ಮೇಲೆ ಈಗ ಕುಳಿತಿರುವುದು ಎದುರುಮನೆಯ ಶಾಮಣ್ಣ ಅಲ್ಲ. ಕೇಳುತ್ತಿರುವುದು ಯಾರು ಎಂದು ನನಗೆ ಗೊತ್ತಿತ್ತು. ಬದುಕಿದ್ದಾಗ ಅವಳು ಎಂದೂ ಎರಡನೆಯ ಸಲ ಏನನ್ನೂ ಕೇಳಿದವಳಲ್ಲ.

"ಬಡಿಸಮ್ಮ" ಎಂದೆ. "ಪಾತ್ರೆ ಬಳಿದು ಬಡಿಸು."

ತೃಪ್ತಿಯಾಯಿತೇ ಎಂದು ಶಾಸ್ತ್ರಿಗಳು ಸಿದ್ಧಾರ್ಥನಿಂದ ಕೇಳಿಸಿದರು. ಆಯಿತು ಎಂದು ಉತ್ತರ ಬಂತು.

ತಾಂಬೂಲ, ದಕ್ಷಿಣೆ ತೆಗೆದುಕೊಂಡು ಶಾಮಣ್ಣ ಹೊರಟರು. ಗೇಟಿನವರೆಗೂ ಹೋಗಿ ಕಳಿಸುವುದು ಪದ್ಧತಿ, ಹೋದೆ. ಗೇಟು ದಾಟಿದವರು ತಿರುಗಿ ನಿಂತರು.

"ರಾಮಪ್ರಸಾದ್, ಒಳಗೆ ಹೇಳ್ಬಾರ್ದು, ಅದಕ್ಕೇ ಸುಮ್ಮನಿದ್ದೆ. ಪಲ್ಯಕ್ಕೆ ಉಪ್ಪು ಒಂದು ಕಲ್ಲು ಕಮ್ಮಿ."

ಗೇಟು ಹಾಕಿಕೊಂಡು ಒಳಗೆ ಬಂದು ಊಟಕ್ಕೆ ಕುಳಿತೆ. ನನ್ನ ಎಲೆಯಲ್ಲಿ ಹಾಗಲಕಾಯಿ ಒಂದು ಬಿಟ್ಟು ಎಲ್ಲವೂ ಇತ್ತು.