ಚೀಟಿ ಮನೆಯಲ್ಲೇ ಇರಲಿ

ದೂರ ಹೊರಟವರ ಮುಂದೆ ಕೆಟ್ಟ ಮಾತು ಆಡಬಾರದು ಅನ್ನುತ್ತಾರೆ. ದಾರಿಯಲ್ಲಿ ಗಾಡಿ ಕೆಟ್ಟರೆ ಏನು ಗತಿ ಎಂದು ಯಾರಾದರೂ ಕೇಳಿದರೆ ಸಾಕು, ಮನೆಯ ಹಿರಿಯರು ಒಳಗಿನಿಂದಲೇ "ಬಿಡ್ತು ಅನ್ನು" ಎನ್ನುತ್ತಾರೆ. ಕೇಳಿದವರು ಬಿಡ್ತು ಎಂದು ಬಾಯಿ ಮುಚ್ಚುತ್ತಾರೆ. ಪ್ರೀತಿಯಿಂದ ಆಡುವ ಮಾತೇ ಅದು. ಆ ಪ್ರೀತಿಯಿಂದಲೇ ನಮ್ಮ ಬೀದಿಯ ಒಂದು ಮನೆಯಲ್ಲಿ ಏನಾಯಿತು ಎಂಬುದನ್ನು ಹೇಳುತ್ತೇನೆ, ಕೇಳಿ.

ಬೀದಿಯ ಮೂಲೆಯಲ್ಲಿ ಒಂದು ಲಾಂಡ್ರಿ ಇದೆ. ಮುಂದೆ ಅಂಗಡಿ, ಹಿಂದೆ ಮನೆ. ಯಜಮಾನರು ಇಸ್ತ್ರಿ ಹಾಕುತ್ತಾರೆ, ಬೀದಿಯವರೆಲ್ಲ ಅಮ್ಮ ಎಂದು ಕರೆಯುವ ಅವರ ಹೆಂಡತಿ ಬಟ್ಟೆ ವಿಂಗಡಿಸಿ ಒಗೆಯಲು ಹಾಕುತ್ತಾರೆ. ಒಗೆಯುವ ಮುಂಚೆ ಪ್ರತಿ ಜೇಬಿಗೂ ಕೈ ಹಾಕಿ ನೋಡುವುದು ಅಮ್ಮನದೇ ಕೆಲಸ. ಪೆನ್ನು, ಬಸ್ ಟಿಕೆಟ್ಟು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಕೂಡ ಸಿಕ್ಕಿದೆ.

ಅಂಗಡಿಯ ಗೋಡೆಯಲ್ಲಿ ಒಂದು ಹಳೆಯ ಕ್ಯಾಲೆಂಡರ್. ವರ್ಷ ಮುಗಿದು ಎಷ್ಟೋ ಕಾಲವಾದರೂ ಯಜಮಾನರು ಅದನ್ನು ತೆಗೆಯಲು ಬಿಟ್ಟಿರಲಿಲ್ಲ. ಅದರಲ್ಲಿ ಮರಳುಗಾಡಿನ ಚಿತ್ರ. ಮಡಿಕೆ ಬಿದ್ದ ಹಳದಿ ಸೀರೆಯ ಹಾಗೆ ಒಂದರ ಹಿಂದೆ ಒಂದು ಮರಳ ದಿಬ್ಬ. ಇಸ್ತ್ರಿಪೆಟ್ಟಿಗೆ ಕಾಯುವವರೆಗೆ ಅವರು ಅದನ್ನೇ ನೋಡುತ್ತ ನಿಲ್ಲುತ್ತಿದ್ದರು. ಅಷ್ಟೊಂದು ಮಡಿಕೆ ಇದ್ದರೂ ಇಸ್ತ್ರಿ ಹಾಕಿ ಅಂತ ಯಾರೂ ಹೇಳದ ಜಾಗ ಅದೊಂದೇ ಎಂದು ನಗುತ್ತಿದ್ದರು.

ಈ ವರ್ಷ ಅವರಿಗೆ ಅರವತ್ತೈದು ತುಂಬಿತು. ಮಾವನನ್ನು ಮರಳುಗಾಡಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಸೊಸೆ ಹೇಳಿದಳು. ನಾಲ್ಕು ದಿನ ರಜೆ ಹಾಕಿದಳು. ಗಾಡಿ ಓಡಿಸುವವಳು ಅವಳೇ. ಹಿಂದಿನ ಸೀಟಿನಲ್ಲಿ ಅತ್ತೆ, ಪಕ್ಕದಲ್ಲಿ ಮಾವ. ಅಂಗಡಿ ನೋಡಿಕೊಳ್ಳಲು ಮಗ ಮನೆಯಲ್ಲೇ ಉಳಿಯುವುದೆಂದು ಮಾತಾಯಿತು.

ಸೊಸೆಯ ಕೆಲಸ ಏನು ಎಂದು ಹೇಳಬೇಕು. ಅಪಾಯದಲ್ಲಿರುವವರು ಫೋನ್ ಮಾಡುತ್ತಾರಲ್ಲ, ಆ ಕರೆಗಳನ್ನು ತೆಗೆದುಕೊಳ್ಳುವ ಕಚೇರಿಯಲ್ಲಿ ಅವಳಿದ್ದಾಳೆ. ದಿನಕ್ಕೆ ಎಂಟು ಗಂಟೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂರುತ್ತಾಳೆ. ಆದ್ದರಿಂದ ಅವಳ ತಯಾರಿ ಜೋರಾಗಿಯೇ ಇತ್ತು. ನಾಲ್ಕು ಚಕ್ರಕ್ಕೂ ಎಳೆತವಿರುವ ಎತ್ತರದ ಗಾಡಿ ಬಾಡಿಗೆಗೆ ಹಿಡಿದಳು. ಸ್ಟೆಪ್ನಿ ಟೈರನ್ನು ತಾನೇ ಒತ್ತಿ ನೋಡಿದಳು. ಮರಳಿಗೆ ಇಳಿಯುವಾಗ ಟೈರಿನ ಗಾಳಿ ಕಡಿಮೆ ಮಾಡಬೇಕು, ರಸ್ತೆಗೆ ಬಂದ ಮೇಲೆ ಮತ್ತೆ ತುಂಬಬೇಕು. ಅದಕ್ಕೊಂದು ಸಣ್ಣ ಪಂಪು ತಂದಳು. ಚಕ್ರ ಮರಳಿನಲ್ಲಿ ಹೂತರೆ ಎತ್ತಲು ಸಲಿಕೆ, ಎರಡು ಹಲಗೆ, ಮಾವನ ಬಿಪಿ ಮಾತ್ರೆ, ಮೂರು ಕ್ಯಾನು ಕುಡಿಯುವ ನೀರು. ದೂರಕ್ಕೆ ಕಾಣುವಂಥ ಬಟ್ಟೆ ಬೇಕೆಂದು ಅಂಗಡಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಕೆಂಪು ಹೊದಿಕೆಯನ್ನೂ ಎತ್ತಿಟ್ಟಳು. ಗಿರಾಕಿಯ ವಸ್ತು ಎಂದು ಯಜಮಾನರು ತಕರಾರು ತೆಗೆದರು. ಗಿರಾಕಿ ಬಂದು ಆರು ವರ್ಷವಾಯಿತಲ್ಲ ಎಂದು ಅಮ್ಮನೇ ಅವರ ಬಾಯಿ ಮುಚ್ಚಿಸಿದರು.

ನೀರಿನ ಕ್ಯಾನು ನೋಡಿ ಮಾತ್ರ ಅಮ್ಮನಿಗೆ ನಗು. ನೋಡೋಕೆ ಹೋಗ್ತಿರೋದು ಮರಳೋ, ಕೆರೆ ಕಟ್ಟೋಕೆ ಹೊರಟಿದ್ದೀವೋ ಎಂದು ಕೇಳಿದರು. ಅಲ್ಲಿಯವರೆಗೂ ಎಲ್ಲ ಹಾಸ್ಯವೇ. ಹೊರಡುವ ಹಿಂದಿನ ಸಂಜೆ ಸೊಸೆ ಒಂದು ಚೀಟಿ ಬರೆಯಲು ಕೂತಾಗ ಅಮ್ಮನ ಮುಖ ಬದಲಾಯಿತು.

ಯಾವ ದಿನ ಯಾವ ದಾರಿ, ಎಲ್ಲಿ ಉಳಿಯುವುದು, ಗಾಡಿಯ ಬಣ್ಣ, ನಂಬರು, ಎಲ್ಲವನ್ನೂ ಅವಳು ಬರೆದಳು. ಕೊನೆಯಲ್ಲಿ ಹೀಗೆ ಬರೆದಳು: ಮೂರನೇ ದಿನ ಒಣನದಿಯ ದಾರಿಯಲ್ಲಿ ವಾಪಸು. ಹನ್ನೆರಡಕ್ಕೆ ಹೆದ್ದಾರಿಯ ಪೆಟ್ರೋಲ್ ಬಂಕಿನಿಂದ ಫೋನ್ ಮಾಡುತ್ತೇವೆ. ಒಂದು ಗಂಟೆಯಾದರೂ ಫೋನ್ ಬರದಿದ್ದರೆ ನಮ್ಮ ಕಚೇರಿಗೆ ತಿಳಿಸಿ ಹುಡುಕಲು ಹೇಳಿ.

"ಹುಡುಕಲು ಅಂತ ಯಾಕೆ ಬರೀತೀಯ?" ಎಂದರು ಅಮ್ಮ. "ಹೊಸ್ತಿಲು ದಾಟೋ ಮುಂಚೇನೇ ಇಂಥ ಮಾತಾ? ಬಿಡ್ತು ಅನ್ನು."

"ಬಿಡ್ತು ಅತ್ತೆ," ಎಂದಳು ಸೊಸೆ. "ಆದ್ರೆ ಚೀಟಿ ಇರಲಿ. ನಮ್ಮೋರು ಬಂದಿಲ್ಲ ಅಂತ ಎಷ್ಟು ಜನ ಫೋನ್ ಮಾಡ್ತಾರೆ ಗೊತ್ತಾ? ಯಾವ ದಾರೀಲಿ ಹೋದ್ರು ಅಂತ ಕೇಳಿದ್ರೆ ಅಳ್ತಾರೆ. ಅವರಿಗೆ ಗೊತ್ತೇ ಇರಲ್ಲ."

ಅಮ್ಮ ಬುತ್ತಿ ಕಟ್ಟಲು ಒಳಗೆ ಹೋದರು. ಮೂರನೇ ದಿನ ಮಧ್ಯಾಹ್ನ ಒಂದಾದರೂ ಫೋನ್ ಬರದಿದ್ದರೆ ಇದನ್ನು ನೋಡಬೇಕು ಎಂದು ಹೇಳಿ ಸೊಸೆ ಚೀಟಿಯನ್ನು ಗಂಡನ ಕೈಗೆ ಕೊಟ್ಟಳು. ಅವನು ಓದದೆ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಫೋನಿನಲ್ಲೂ ಒಂದು ಪ್ರತಿ ಕಳಿಸಬೇಕು ಎಂದುಕೊಂಡಿದ್ದಳು, ಸಾಮಾನು ತುಂಬುವ ಗಡಿಬಿಡಿಯಲ್ಲಿ ಮರೆತಳು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದ ಅಮ್ಮ, ಮೊಳೆಗೆ ನೇತು ಹಾಕಿದ್ದ ಮಗನ ಅಂಗಿಯ ಜೇಬಿಗೆ ಕೈ ಹಾಕಿದರು. ಪ್ರಯಾಣ ಹೊರಟ ಮನೆಯಲ್ಲಿ ಅಂಥ ಅಕ್ಷರ ಇರಬಾರದು ಎಂಬುದಷ್ಟೇ ಅವರ ಮನಸ್ಸಿನಲ್ಲಿದ್ದದ್ದು. ಚೀಟಿ ಅವರ ಕೈಚೀಲ ಸೇರಿತು.

ಮೊದಲ ದಿನ ಕಮರಿ ನೋಡಿದರು. ಎರಡೂ ಕಡೆ ಕೆಂಪು ಬಂಡೆಯ ಗೋಡೆ, ನಡುವೆ ಗಾಡಿ ಹೋಗುವಷ್ಟೇ ಜಾಗ. ಒಳಗೆ ಹೋಗುವ ಮುಂಚೆ ಸೊಸೆ ಕಾವಲಿನವನನ್ನು ಮೇಲಿನ ಬೆಟ್ಟದಲ್ಲಿ ಮೋಡವಿದೆಯೇ ಎಂದು ಕೇಳಿದಳು. ಇಲ್ಲಿ ಬಿಸಿಲಿದ್ದರೂ ಅಲ್ಲಿ ಮಳೆ ಬಿದ್ದರೆ ಕಮರಿಯೊಳಗೆ ಒಮ್ಮೆಲೇ ನೀರು ನುಗ್ಗುತ್ತದೆ. ಮೋಡವಿಲ್ಲ ಎಂದ ಮೇಲೆಯೇ ಗಾಡಿ ಒಳಗೆ ಬಿಟ್ಟಳು.

ಎರಡನೇ ದಿನ ಮರಳ ದಿಬ್ಬ. ಯಜಮಾನರು ಚಪ್ಪಲಿ ಕೈಯಲ್ಲಿ ಹಿಡಿದು ಎರಡು ಹೆಜ್ಜೆ ಹತ್ತಿ, ಒಂದು ಹೆಜ್ಜೆ ಜಾರಿ, ಅಂತೂ ತುದಿ ಮುಟ್ಟಿದರು. ಅಮ್ಮನೂ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಹತ್ತಿದರು. ಇಬ್ಬರೂ ಕೂತು ನೋಡಿದರು. ಬಹಳ ಹೊತ್ತಾದ ಮೇಲೆ ಯಜಮಾನರು ಒಂದೇ ಮಾತು ಹೇಳಿದರು: "ಚಿತ್ರದಲ್ಲಿ ಈ ಗಾಳಿ ಇರಲಿಲ್ಲ ಕಣೇ."

ಮೂರನೇ ದಿನ ಬೆಳಿಗ್ಗೆ ಏಳಕ್ಕೆ ತಂಗುಮನೆಯಿಂದ ಹೊರಟರು. ಒಂಬತ್ತರ ಹೊತ್ತಿಗೆ ಒಣನದಿಯ ಪಾತ್ರದ ಪಕ್ಕದಲ್ಲಿ ಎಂಜಿನ್ ಪಟ್ ಎಂದಿತು. ಬಾನೆಟ್ ಎತ್ತಿ ನೋಡಿದರೆ ಬೆಲ್ಟು ತುಂಡಾಗಿದೆ. ಸಲಿಕೆ, ಹಲಗೆ ಯಾವುದೂ ಅದಕ್ಕೆ ಆಗುವಂಥದಲ್ಲ. ಫೋನಿನಲ್ಲಿ ಒಂದು ಗೆರೆ ಸಿಗ್ನಲ್ಲೂ ಇಲ್ಲ. ಸುತ್ತ ಕಲ್ಲು, ಮರಳು, ಬಿಸಿಲು.

ಸೊಸೆ ಗಾಬರಿಯಾಗಲಿಲ್ಲ. ಕೆಂಪು ಹೊದಿಕೆಯನ್ನು ಗಾಡಿಯ ನೆತ್ತಿಗೆ ಕಟ್ಟಿದಳು. ನೆರಳಿದ್ದ ಕಡೆ ಚಾಪೆ ಹಾಸಿದಳು. ರಸ್ತೆ ಹತ್ತಿರವೇ ಇರಬೇಕು, ನಾನು ನಡೆದು ಹೋಗಿ ಯಾರನ್ನಾದರೂ ಕರೆತರುತ್ತೇನೆ ಎಂದು ಯಜಮಾನರು ಚಪ್ಪಲಿ ಮೆಟ್ಟಿದರು. ಅವಳು ಅವರ ಕೈ ಹಿಡಿದು ಕೂರಿಸಿದಳು. ಹುಡುಕುವವರಿಗೆ ಗಾಡಿ ಬೇಗ ಕಾಣುತ್ತದೆ, ನಡೆದುಹೋಗುವ ಮನುಷ್ಯ ಕಾಣುವುದಿಲ್ಲ, ಗಾಡಿ ಬಿಟ್ಟು ಹೋದವರೇ ಹೆಚ್ಚು ತೊಂದರೆಗೆ ಸಿಕ್ಕಿದ್ದಾರೆ ಎಂದು ಬಿಡಿಸಿ ಹೇಳಿದಳು.

"ಇಲ್ಲೇ ಕಾಯೋಣ ಮಾವ," ಎಂದಳು. "ಮನೇಲಿ ಚೀಟಿ ಇದೆ, ಒಂದು ಗಂಟೆಗೆ ಅವರು ಕಚೇರಿಗೆ ಹೇಳ್ತಾರೆ. ಎರಡೂವರೆಗೆಲ್ಲ ಯಾರಾದ್ರೂ ಬಂದೇ ಬರ್ತಾರೆ."

ಅಮ್ಮ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು.

ಬಿಸಿಲು ಏರಿತು. ಸೊಸೆ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಾಗಲೆಲ್ಲ ಅಮ್ಮ ನನಗೆ ಬೇಡ ಎಂದರು. ಹತ್ತಕ್ಕೂ ಬೇಡ, ಹನ್ನೊಂದಕ್ಕೂ ಬೇಡ. ತುಟಿ ಒಣಗಿದ್ದರೂ ಲೋಟವನ್ನು ಗಂಡನ ಕಡೆ ತಳ್ಳಿದರು. ಸೊಸೆ ಎದುರು ಬಂದು ಕೂತಳು. ನೀರನ್ನು ಕ್ಯಾನಿನಲ್ಲಿ ಉಳಿಸಿ ಉಪಯೋಗವಿಲ್ಲ, ಹೊಟ್ಟೆಯಲ್ಲಿದ್ದರೆ ಮಾತ್ರ ಅದು ಜೀವ ಉಳಿಸುತ್ತದೆ ಎಂದಳು.

"ನೀವಿಬ್ರೂ ಕುಡೀರಿ," ಎಂದರು ಅಮ್ಮ. "ಎರಡೂವರೆಗೆ ಯಾರೂ ಬರಲ್ಲ ಮಗಳೇ." ಚೀಲದಿಂದ ಚೀಟಿ ತೆಗೆದು ಅವಳ ಮುಂದೆ ಇಟ್ಟರು.

ಸೊಸೆ ಚೀಟಿಯನ್ನು ನೋಡಿದಳು. ಎದ್ದು ಗಾಡಿಯ ಆಚೆ ಬದಿಗೆ ಹೋಗಿ ಬಿಸಿಲಿನಲ್ಲೇ ಸ್ವಲ್ಪ ಹೊತ್ತು ನಿಂತಳು. ಯಜಮಾನರು ಹೆಂಡತಿಯನ್ನು ಬೈಯಲಿಲ್ಲ. ನಲವತ್ತು ವರ್ಷದಿಂದ ಊರವರ ಜೇಬೆಲ್ಲ ತಡಕಿದವಳು ಮಗನ ಜೇಬು ಬಿಡುತ್ತಾಳೆಯೇ ಎಂದರು. ಅಮ್ಮನಿಗೆ ನಗು ಬರಲಿಲ್ಲ, ಅಳು ಬಂತು.

ಸೊಸೆ ವಾಪಸು ಬಂದು ಲೋಟ ತುಂಬಿಸಿದಳು. "ಕುಡೀರಿ ಅತ್ತೆ. ಫೋನಲ್ಲಿ ಇನ್ನೊಂದು ಕಳಿಸದೆ ಇದ್ದದ್ದು ನನ್ನ ತಪ್ಪು. ಬೈಯೋದಿದ್ರೆ ಇಬ್ರೂ ಮನೇಲಿ ಬೈಸಿಕೊಳ್ಳೋಣ." ಅಮ್ಮ ಒಂದೇ ಗುಟುಕಿಗೆ ಕುಡಿದರು.

ಇತ್ತ ಮನೆಯಲ್ಲಿ, ಒಂದು ಗಂಟೆಯಾದರೂ ಫೋನ್ ಬಾರದಾಗ ಮಗ ಅಂಗಿಯ ಜೇಬಿಗೆ ಕೈ ಹಾಕಿದ. ಜೇಬು ಖಾಲಿ. ಹೆಂಡತಿಯ ಕಚೇರಿಗೆ ಫೋನ್ ಮಾಡಿದ. ಯಾವ ದಾರಿ ಎಂದು ಕೇಳಿದರು. ಅವನು ಚೀಟಿ ಓದಿರಲಿಲ್ಲ, ಹಿಂದಿನ ರಾತ್ರಿ ಫೋನಿನಲ್ಲಿ ಕೇಳಿದ್ದ ತಂಗುಮನೆಯ ಹೆಸರಷ್ಟೇ ಗೊತ್ತಿತ್ತು. ಇವರು ಏಳಕ್ಕೆ ಹೊರಟರು ಎಂದು ತಂಗುಮನೆಯವರು ಹೇಳಿದರು, ಆದರೆ ಅಲ್ಲಿಂದ ಹೊರಡುವ ದಾರಿಗಳು ಮೂರು. ಹುಡುಕಲು ಇದ್ದದ್ದು ಒಂದೇ ಗಾಡಿ. ಮೊದಲ ದಾರಿಯನ್ನು ಹುಡುಕಿದರು, ಇಲ್ಲ. ಎರಡನೆಯದು, ಇಲ್ಲ.

ಅತ್ತ ನಾಲ್ಕು ಗಂಟೆಗೆ ಯಜಮಾನರಿಗೆ ತಲೆ ಸುತ್ತಿತು. ಮಾತು ತೊದಲಿತು. ಅತ್ತೆ ಸೊಸೆ ಇಬ್ಬರೂ ಸೇರಿ ಟವೆಲ್ ಒದ್ದೆ ಮಾಡಿ ತಲೆಗೆ, ಕತ್ತಿಗೆ ಸುತ್ತಿದರು, ರಟ್ಟಿನಿಂದ ಗಾಳಿ ಬೀಸಿದರು, ಸ್ವಲ್ಪ ಸ್ವಲ್ಪವೇ ನೀರು ಕುಡಿಸಿದರು. ಅಮ್ಮ ಹಾಸ್ಯ ಮಾಡಿದ್ದ ಕ್ಯಾನುಗಳಲ್ಲಿ ಆ ಹೊತ್ತಿಗೆ ಎರಡು ಬರಿದಾಗಿದ್ದವು. ಐದೂವರೆಗೆ ಮೂರನೇ ದಾರಿಯಲ್ಲಿ ಬಂದವರಿಗೆ ದೂರದಿಂದ ಕೆಂಪು ಬಟ್ಟೆ ಕಂಡಿತು. ಚೀಟಿ ಮನೆಯಲ್ಲಿದ್ದಿದ್ದರೆ ಅವರು ಮೂರು ಗಂಟೆ ಮುಂಚೆಯೇ ಬರುತ್ತಿದ್ದರು. ಇನ್ನೊಂದು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು. ಒಂದು ದಿನ ಇರಿಸಿಕೊಂಡು ಮನೆಗೆ ಕಳಿಸಿದರು.

ಮನೆ ಮುಟ್ಟಿದ ಅಮ್ಮ ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಗಿರಾಕಿಗಳ ಗಂಟುಗಳೆಲ್ಲ ಬಿಚ್ಚಿ ಬಿದ್ದಿದ್ದವು. ಇಸ್ತ್ರಿಯಾಗಿದ್ದ ಅಂಗಿ, ಪ್ಯಾಂಟು ಎಲ್ಲ ನೆಲದ ಮೇಲೆ. ಒಂದೊಂದು ಪ್ಯಾಂಟಿನ ಜೇಬೂ ಹೊರಕ್ಕೆ ಎಳೆದಿತ್ತು. ಚೀಟಿಯನ್ನು ತನ್ನ ಬೇರೆ ಬಟ್ಟೆಯಲ್ಲಿಟ್ಟು, ಅದು ತಪ್ಪಿ ಗಿರಾಕಿಗಳ ಗಂಟಿಗೆ ಸೇರಿರಬಹುದು ಎಂದುಕೊಂಡು ಮಗ ಇಡೀ ಅಂಗಡಿಯ ಜೇಬುಗಳಲ್ಲಿ ಆ ಚೀಟಿಯನ್ನು ಹುಡುಕಿದ್ದ. ಸಿಗದಾಗ ಮೊದಲಿನಿಂದ ಮತ್ತೆ ಹುಡುಕಿದ್ದ.

ಮರಳಿನಲ್ಲಿ ಕೂತಿದ್ದಾಗ ಅಮ್ಮನಿಗೆ ತಮ್ಮ ಮೂವರ ಚಿಂತೆಯಷ್ಟೇ ಇತ್ತು. ಮನೆಯಲ್ಲಿ ಕಾಯುವವನ ಪಾಡು ಏನಾಗಿತ್ತು ಎಂಬುದು ಆ ಜೇಬುಗಳನ್ನು ನೋಡಿದಾಗ ತಿಳಿಯಿತು. ನೆಲದಲ್ಲೇ ಕೂತು, ಮಗನನ್ನು ಪಕ್ಕಕ್ಕೆ ಕರೆದು, ತಾವು ಮಾಡಿದ್ದನ್ನು ಹೇಳಿದರು. ಅವನೂ ಅಲ್ಲೇ ಕೂತ. ಒಂದು ಪ್ಯಾಂಟು ಎತ್ತಿ ಜೇಬು ಒಳಕ್ಕೆ ತಳ್ಳಿದ. ತಾಯಿ ಇನ್ನೊಂದನ್ನು ಎತ್ತಿಕೊಂಡರು. ಇಬ್ಬರೂ ಮಡಚುತ್ತ ಕೂತರು.

ಈಗ ಲಾಂಡ್ರಿಯಲ್ಲಿ ಒಂದು ಹೊಸ ರೂಢಿ. ಪ್ರವಾಸಕ್ಕೆ ಹೊರಟಿದ್ದೇವೆ, ಬಟ್ಟೆ ಬೇಗ ಕೊಡಿ ಎಂದು ಯಾರಾದರೂ ಬಂದರೆ ಅಮ್ಮ ಮೊದಲು ಚೀಟಿ ಬರೆದಿರಾ ಎಂದು ಕೇಳುತ್ತಾರೆ. ಇಲ್ಲವೆಂದರೆ ಕಾಗದ, ಪೆನ್ನು ಕೊಟ್ಟು ಅಲ್ಲೇ ಬರೆಸುತ್ತಾರೆ. ಪೆನ್ನು ಅವರಿವರ ಜೇಬಿನಲ್ಲಿ ಸಿಕ್ಕಿದ್ದು, ಬೇಕಾದಷ್ಟಿವೆ.

ಅಕ್ಕಂದಿರೇ, ಅಣ್ಣಂದಿರೇ, ಮರಳುಗಾಡಿಗೋ ಕಮರಿಗೋ ಕಾಡಿಗೋ ನೀವೇ ಗಾಡಿ ಓಡಿಸಿಕೊಂಡು ಹೊರಟಿದ್ದರೆ ಖುಷಿಯಿಂದ ಹೋಗಿ ಬನ್ನಿ. ಎರಡು ದಿನಕ್ಕೆ ಬೇಕಾಗುವುದಕ್ಕಿಂತ ಹೆಚ್ಚೇ ನೀರು ಒಯ್ಯಿರಿ. ಗಾಡಿ ಕೆಟ್ಟರೆ ಗಾಡಿಯ ಹತ್ತಿರವೇ ಇರಿ. ಹೊರಡುವ ಮುಂಚೆ ಯಾವ ದಾರಿ, ಎಷ್ಟು ಹೊತ್ತಿಗೆ ಫೋನ್, ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಡಿ, ಅವರಿಂದ ಒಮ್ಮೆ ಓದಿಸಿ. ಇನ್ನೊಂದು ಪ್ರತಿ ಅವರ ಫೋನಿನಲ್ಲಿರಲಿ. ಹಿರಿಯರು ಬಿಡ್ತು ಅನ್ನು ಎಂದರೆ ಬಿಡ್ತು ಎನ್ನಿ, ಚೀಟಿಯನ್ನು ಮಾತ್ರ ಬಿಡಬೇಡಿ. ಸುಖವಾಗಿ ಮನೆಗೆ ಬಂದ ದಿನ ಅದನ್ನು ನಿಮ್ಮ ಕೈಯಾರೆ ಹರಿದು ಹಾಕಿ.