ಹುಳ ಇತ್ತು

ಶಾಲಾ ಶಿಕ್ಷಕರಿಗೆ ಪರಿಸರದ ಕಾರ್ಯಾಗಾರ ನಡೆಸುವುದು ಅವಳ ಕೆಲಸ. ಅವಳಿದ್ದ ಸಣ್ಣ ಸಂಸ್ಥೆಯಲ್ಲಿ ಅದಕ್ಕೆಂದು ಬೇರೆ ಯಾರೂ ಇರಲಿಲ್ಲ. ಸಭಾಂಗಣ ಗೊತ್ತುಮಾಡುವುದರಿಂದ ಹಿಡಿದು ಕೊನೆಗೆ ಕುರ್ಚಿ ಮಡಚಿಡುವವರೆಗೆ ಎಲ್ಲವೂ ಅವಳ ತಲೆಯ ಮೇಲೆ. ಶಿಕ್ಷಕರು ಬೆನ್ನ ಹಿಂದೆ ಅವಳನ್ನು 'ಗಿಡದ ಮೇಡಂ' ಎನ್ನುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ಮುಳ್ಳಿನ ಮೇಡಂ ಅನ್ನದಿದ್ದರೆ ಸಾಕು ಎಂದು ನಗುತ್ತಿದ್ದಳು.

ಅವರು ಬರುತ್ತಿದ್ದುದು ಮೇಲಿನಿಂದ ಆದೇಶವಾಗಿದೆ ಎಂಬ ಒಂದೇ ಕಾರಣಕ್ಕೆ. ಫ್ಯಾನಿನ ಕೆಳಗಿನ ಕುರ್ಚಿಗಳು ಮೊದಲು ತುಂಬುತ್ತಿದ್ದವು. ಹಿಂದಿನ ಸಾಲಿನವರು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ತಿದ್ದಲು ಕೂರುತ್ತಿದ್ದರು. ಊಟವಾದ ಮೇಲೆ ಅರ್ಧ ಸಭೆ ಕಣ್ಣು ಮುಚ್ಚಿ ಗಹನವಾದ ಚಿಂತನೆಗೆ ಇಳಿಯುತ್ತಿತ್ತು. ಶಾಲೆಗೆ ಮರಳಿದ ಮೇಲೆ ಯಾರೂ ಏನೂ ಮಾಡುತ್ತಿರಲಿಲ್ಲ. "ಹೊಳೆಯಲ್ಲಿ ಹುಣಸೆಹಣ್ಣು ಕಿವುಚೋ ಕೆಲಸ ಕಣೇ ನಿಂದು" ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು. ಅವಳು ಇದ್ದುದು ಅಕ್ಕ-ಭಾವನ ಮನೆಯಲ್ಲಿ. ಭಾವ ಊರಂಚಿನಲ್ಲಿದ್ದ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮಡಿಸುವ ವಿಭಾಗದ ಮೇಲ್ವಿಚಾರಕ.

ಆ ವರ್ಷ ಅವಳು ಶಿಕ್ಷಕರನ್ನು ಸಭಾಂಗಣದಿಂದ ಎಬ್ಬಿಸಿ ಹಿಂದಿನ ಹಳ್ಳಕ್ಕೆ ಕರೆದುಕೊಂಡು ಹೋದಳು. ಕೈಗೊಂದು ಚಹಾ ಸೋಸುವ ಜರಡಿ, ಒಂದು ಬಿಳಿ ತಟ್ಟೆ, ಒಂದು ಭೂತಗನ್ನಡಿ ಕೊಟ್ಟಳು. ಕಲ್ಲನ್ನು ಮಗುಚಿ, ಅಡಿಯಲ್ಲಿ ಯಾವ ಯಾವ ಹುಳ ಇವೆ ಎಂದು ನೋಡಿದರೆ ನೀರಿನ ಆರೋಗ್ಯ ತಿಳಿಯುತ್ತದೆ ಎಂದು ವಿವರಿಸಿದಳು. ಹೆಚ್ಚಿನವರು ಬಟ್ಟೆ ಒದ್ದೆಯಾದೀತೆಂದು ದಡದ ನೆರಳಿನಲ್ಲೇ ನಿಂತರು. ವಿಜ್ಞಾನದ ಮೇಷ್ಟ್ರೊಬ್ಬರು ಮಾತ್ರ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ನೀರಿಗಿಳಿದರು. ನಿವೃತ್ತಿಗೆ ಹತ್ತಿರವಾದ, ಮಾತು ಕಡಿಮೆಯ ಮನುಷ್ಯ. ಅಷ್ಟು ಹೊತ್ತೂ ಅವರು ನಿದ್ದೆ ಮಾಡುತ್ತಿದ್ದಾರೆಂದೇ ಅವಳು ತಿಳಿದಿದ್ದಳು.

"ಹುಳ ಒಂದೂ ಸಿಗ್ಲಿಲ್ಲ ಅಂದ್ರೆ?" ಎಂದು ಅವರು ಕೇಳಿದರು.

"ಅಲ್ಲಿ ನೀರು ಸತ್ತಿದೆ ಅಂತ ಅರ್ಥ, ಸಾರ್."

ಅವರು ತಲೆಯಾಡಿಸಿ ಮತ್ತೊಂದು ಕಲ್ಲು ಮಗುಚಿದರು.

ಕೆಲವು ವಾರಗಳ ಮೇಲೆ ಮೇಷ್ಟ್ರ ಫೋನ್ ಬಂತು. ದನಿಯಲ್ಲಿ ಹುಡುಗರ ಹುರುಪಿತ್ತು. "ಮೇಡಂ, ಮಕ್ಕಳನ್ನ ಹಳ್ಳಕ್ಕೆ ಕರ್ಕೊಂಡು ಹೋಗಿದ್ದೆ. ಮೇಲಿನ ಸೇತುವೆ ಹತ್ರ ತಟ್ಟೆ ತುಂಬ ಹುಳ. ಕೆಳಗಿನ ಸೇತುವೆ ಹತ್ರ ಒಂದೇ ಒಂದು ಇಲ್ಲ."

ಎರಡು ಸೇತುವೆಗಳ ನಡುವೆ ಏನಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಬಣ್ಣದ ಕಾರ್ಖಾನೆಯ ಕೊಳವೆ ಹಳ್ಳಕ್ಕೆ ಬೀಳುವುದು ಅಲ್ಲೇ.

ಇಷ್ಟು ವರ್ಷಗಳಲ್ಲಿ ಮೊದಲ ಸಲ ಒಬ್ಬರು ಅವಳ ಪಾಠವನ್ನು ತರಗತಿಗೆ ಒಯ್ದಿದ್ದರು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಶಾಲೆಯ ಪ್ರದರ್ಶನದಲ್ಲಿ ಇಡಿ, ಸಾರ್. ತಂದೆ-ತಾಯಿನೂ ನೋಡ್ಲಿ."

ಮೇಷ್ಟ್ರು ಹಿಂಜರಿದರು. "ಅವರೆಲ್ಲ ಕೆಲಸ ಮಾಡೋದೇ ಅಲ್ಲಿ, ಮೇಡಂ."

"ನಾವು ಯಾರನ್ನೂ ಬೈತಾ ಇಲ್ವಲ್ಲ. ಮಕ್ಕಳು ಕಂಡಿದ್ದನ್ನ ಹೇಳ್ತಾರೆ, ಅಷ್ಟೆ."

ಪ್ರದರ್ಶನದ ದಿನ ಅವಳೂ ಹೋದಳು. ಎರಡು ಗಾಜಿನ ಜಾಡಿ, ಹಿಂದೆ ಮಕ್ಕಳು ಬರೆದ ಹಳ್ಳದ ಚಿತ್ರ. ವಿವರಿಸಲು ನಿಂತವಳು ಎಲ್ಲರೂ 'ಚೂಟಿ' ಎಂದು ಕರೆಯುವ ಹುಡುಗಿ. ತಡವರಿಸದೆ, ಕಡ್ಡಿ ಮುರಿದಂತೆ ಹೇಳಿದಳು: "ಇಲ್ಲಿ ಹುಳ ಇದೆ. ಇಲ್ಲಿ ಕೊಳವೆ ಇದೆ. ಇಲ್ಲಿಂದಾಚೆ ಹುಳ ಇಲ್ಲ." ಸುತ್ತ ನಿಂತ ಹೆಂಗಸರು, ಗಂಡಸರು ಬಗ್ಗಿ ಎರಡೂ ಜಾಡಿಗಳನ್ನು ನೋಡಿದರು. ಹಲವರ ಉಗುರಿನ ಸಂದಿಯಲ್ಲಿ ನೀಲಿ ಇನ್ನೂ ಹೋಗಿರಲಿಲ್ಲ. ಚೂಟಿಯ ತಾಯಿ ಮಗಳನ್ನು ಬಿಟ್ಟು ಅತ್ತಿತ್ತ ನೋಡುತ್ತಿದ್ದಳು.

ಆ ವಾರವೇ ಚೂಟಿಯ ತಾಯಿಯನ್ನು ಕಾರ್ಖಾನೆಯ ಕೆಲಸದಿಂದ ತೆಗೆದರು.

ಅದನ್ನು ಅವಳಿಗೆ ಹೇಳಿದ್ದು ಭಾವ. ಊಟಕ್ಕೆ ಕೂತವರು ತಟ್ಟೆಯನ್ನು ಮುಂದಕ್ಕೆ ತಳ್ಳಿದರು. "ನನ್ನ ಕೈಲೇ ಹೇಳಿಸಿದ್ರು ಕಣಮ್ಮ. ಆಯಮ್ಮ ಅಳಲೂ ಇಲ್ಲ. ಏಪ್ರನ್ ಬಿಚ್ಚಿ ಮಡಿಸಿ ಕೊಟ್ಟು ಹೋದ್ಲು. ಆ ಪಾಠ ನೀನು ಕಲಿಸಿದ್ದಂತೆ, ಹೌದಾ?"

ಅವಳು ಹೌದೆಂದಳು.

"ಊರಿಗೆ ಉಪಕಾರ ಮಾಡೋಕೆ ಹೋಗಿ ನಮ್ಮ ಅನ್ನಕ್ಕೂ ಕಲ್ಲು ಹಾಕ್ಬೇಡ" ಎಂದಳು ಅಕ್ಕ. ಬೈದಂತೆ ಇರಲಿಲ್ಲ, ಬೇಡಿಕೊಂಡಂತಿತ್ತು.

ಮರುದಿನ ಪೋಷಕರು ಶಾಲೆಯ ಗೇಟಿನಲ್ಲಿ ಸೇರಿದರು. ಅವರ ಸಿಟ್ಟೆಲ್ಲ ಮೇಷ್ಟ್ರ ಮೇಲೆ. ಹಳ್ಳದ ಉಸಾಬರಿ ಇವರಿಗೆ ಯಾಕೆ, ಪಾಠ ಮಾಡಲು ಪುಸ್ತಕವಿಲ್ಲವೇ ಎಂದು ಕೂಗಿದರು. ತಿಂಗಳೊಳಗೆ ಮೇಷ್ಟ್ರಿಗೆ ದೂರದ ಒಂದು ಶಾಲೆಗೆ ವರ್ಗವಾಯಿತು.

ಅವಳು ಶಿಕ್ಷಣಾಧಿಕಾರಿಯ ಕಚೇರಿಗೆ ಓಡಿದಳು. ಅವರು ಎದ್ದು ನಿಂತು ಕುರ್ಚಿ ತೋರಿಸಿದರು, ಚಹಾ ತರಿಸಿದರು.

"ನಿಮ್ಮ ಕಾರ್ಯಾಗಾರ ನಿಲ್ಲೋದಿಲ್ಲ ಮೇಡಂ, ಹೆದರ್ಬೇಡಿ. ಮುಂದಿನ ಸಲದ ಊಟ, ಬ್ಯಾಗು ಎಲ್ಲ ಕಾರ್ಖಾನೆಯವರೇ ಕೊಡ್ತಾರಂತೆ. ನೋಡಿ, ಅವರಿಗೂ ಪರಿಸರ ಬೇಕು."

"ಮೇಷ್ಟ್ರದೇನೂ ತಪ್ಪಿಲ್ಲ, ಸಾರ್."

"ತಪ್ಪು ಅಂತ ಯಾರು ಅಂದ್ರು? ವರ್ಗ ಅಂದ್ರೆ ಶಿಕ್ಷೆ ಅಲ್ವಲ್ಲ." ನಗುತ್ತಲೇ ಇದ್ದರು. "ಹಳ್ಳ-ಗಿಳ್ಳ ಬಿಡಿ. ಕಾಗದದ ಚೀಲ ಮಾಡೋದು ಹೇಳಿಕೊಡಿ. ಮಕ್ಕಳಿಗೆ ಖುಷಿ, ನಮಗೂ ನೆಮ್ಮದಿ."

ಹತ್ತಿಯಲ್ಲಿ ಕಲ್ಲು ಸುತ್ತಿ ಹೊಡೆದಂತಿತ್ತು. ಎಲ್ಲಿ ಪೆಟ್ಟಾಯಿತೆಂದು ತೋರಿಸಲೂ ಅವಳಿಗೆ ಆಗಲಿಲ್ಲ.

ಉಳಿದದ್ದು ಒಂದೇ ದಾರಿ. ಅವಳು ಭಾವನನ್ನೇ ಹಿಡಿದಳು. "ಮೇಷ್ಟ್ರ ವಿಷಯ ನಿಮ್ಮ ಕೈಲಿಲ್ಲ, ಗೊತ್ತು. ಆ ತಾಯಿಗಾದ್ರೂ ಕೆಲಸ ವಾಪಸ್ ಕೊಡ್ಸಿ, ಭಾವ."

ಭಾವ ಕಾರ್ಖಾನೆಯಲ್ಲಿ ಯಾರ ಯಾರ ಕೈಕಾಲು ಹಿಡಿದರೋ, ಕೊನೆಗೆ ಒಂದು ಉತ್ತರ ತಂದರು. ಆ ಹುಡುಗಿ ಶಾಲೆಯಲ್ಲಿ ಎಲ್ಲರೆದುರು ಒಂದು ಮಾತು ಹೇಳಬೇಕು: ನಾನು ಸರಿಯಾಗಿ ನೋಡಿರಲಿಲ್ಲ, ಕೆಳಗೂ ಹುಳ ಇತ್ತು ಅಂತ. ಹೇಳಿದರೆ ತಾಯಿ ಮರುದಿನದಿಂದಲೇ ಬರಬಹುದು.

"ಇಷ್ಟೇ ತಾನೇ" ಎಂದರು ಭಾವ. ಅವರ ಮುಖ ದಣಿದಿತ್ತು. "ನಾನು ಹೋದ್ರೆ ಬಾಗಿಲು ಹಾಕ್ಕೋತಾರೆ. ನೀನೇ ಹೋಗಿ ಹೇಳ್ಬಿಡು."

ಅವಳು ಹೋದಳು. ಒಂದೇ ಕೋಣೆಯ ಮನೆ. ಒಗೆದ ಬಟ್ಟೆಗಳ ಹಗ್ಗ ಮಂಚದ ಮೇಲಿಂದಲೇ ಹಾದುಹೋಗಿತ್ತು. ತಾಯಿ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡಳು. "ಹೇಳ್ತಾಳೆ ಮೇಡಂ, ಯಾಕೆ ಹೇಳಲ್ಲ? ನಿಮ್ಮ ಭಾವನಿಗೆ ಕೈ ಮುಗಿದೆ ಅನ್ನಿ."

ಚೂಟಿ ಗೋಡೆಗೆ ಒರಗಿ ಎಲ್ಲವನ್ನೂ ಕೇಳುತ್ತಿದ್ದಳು. ಆಮೇಲೆ ನೇರವಾಗಿ ಅವಳನ್ನೇ ಕೇಳಿದಳು: "ಮೇಡಂ, ಕೆಳಗೆ ಹುಳ ಇತ್ತಾ?"

ಹುಡುಗಿಗೆ ಅದು ನಿಜವಾಗಿಯೂ ಗೊತ್ತಾಗಬೇಕಿತ್ತು. ತಾನು ಕಲ್ಲು ಮಗುಚಿದ್ದರಲ್ಲಿ ಏನಾದರೂ ಹೆಚ್ಚುಕಡಿಮೆಯಾಯಿತೇ, ಬಲ್ಲವರು ಹೇಳಲಿ ಎಂದು ಕಾಯುತ್ತಿದ್ದಳು. ತಾಯಿಯೂ ಅವಳ ಬಾಯನ್ನೇ ನೋಡುತ್ತಿದ್ದಳು.

"ಇದ್ದಿರಬಹುದು ಪುಟ್ಟಾ" ಎಂದಳು ಅವಳು. "ಒಂದೊಂದ್ಸಲ ಕಣ್ಣಿಗೆ ಬೀಳಲ್ಲ."

ಶಾಲೆಯ ಪ್ರಾರ್ಥನೆಯ ವೇಳೆ ಚೂಟಿ ಮುಂದೆ ನಿಂತು, ಹಿಂದೆ ಹೇಳಿದಷ್ಟೇ ಸ್ಪಷ್ಟವಾಗಿ ಆ ಮಾತು ಹೇಳಿದಳಂತೆ. ಮುಖ್ಯೋಪಾಧ್ಯಾಯರು ಚಪ್ಪಾಳೆ ತಟ್ಟಿಸಿದರಂತೆ. ತಾಯಿ ಕೆಲಸಕ್ಕೆ ಹೋದಳು. "ಎಲ್ಲ ಸರಿಹೋಯ್ತಲ್ಲ, ಇನ್ನಾದ್ರೂ ಊಟ ಮಾಡು" ಎಂದಳು ಅಕ್ಕ.

ಅವಳು ಮೇಷ್ಟ್ರಿಗೆ ಫೋನ್ ಮಾಡಿದಳು. ಎಲ್ಲವನ್ನೂ ಬಿಚ್ಚಿಟ್ಟಳು, ತಾನು ಹುಡುಗಿಗೆ ಕೊಟ್ಟ ಉತ್ತರವನ್ನೂ. ಅವರು ಬೈದಿದ್ದರೆ ಹಗುರವಾಗುತ್ತಿತ್ತು.

"ತಾಯಿಗೆ ಕೆಲಸ ಸಿಕ್ತಲ್ಲ, ಬಿಡಿ" ಎಂದರು ಅವರು. "ಇಲ್ಲಿ ನನಗೆ ಗಣಿತ ಕೊಟ್ಟಿದಾರೆ. ಗಣಿತದಲ್ಲಿ ತಂಟೆ ಇಲ್ಲ."

"ಮುಂದಿನ ಕಾರ್ಯಾಗಾರಕ್ಕೆ ಬರ್ತೀರಾ, ಸಾರ್?"

"ಬೇಡ ಮೇಡಂ. ನೀವು ಚೆನ್ನಾಗೇ ಹೇಳಿಕೊಡ್ತೀರಿ." ಫೋನ್ ಇಡುವ ಮೊದಲು, "ಅದೇ ಕಷ್ಟ" ಎಂದರು.

ಮುಂದಿನ ಕಾರ್ಯಾಗಾರ ಹವಾನಿಯಂತ್ರಿತ ಹೊಸ ಸಭಾಂಗಣದಲ್ಲಿ ನಡೆಯಿತು. ಬಾಗಿಲಲ್ಲಿ ಎಲ್ಲರಿಗೂ ಕಾರ್ಖಾನೆಯ ಹೆಸರಿದ್ದ ನೀಲಿ ಬಟ್ಟೆಯ ಬ್ಯಾಗು ಕೊಟ್ಟರು. ಹಳೆಯ ಪತ್ರಿಕೆಗಳಿಂದ ಚೀಲ ಮಾಡುವುದನ್ನು ಅವಳು ಕಲಿಸಿದಳು. ಯಾರೂ ತೂಕಡಿಸಲಿಲ್ಲ. ನನ್ನ ಚೀಲ ನೆಟ್ಟಗಿದೆ, ನಿಮ್ಮದು ಸೊಟ್ಟ ಎಂದು ಶಿಕ್ಷಕರು ಮಕ್ಕಳಂತೆ ಜಗಳವಾಡಿದರು. ಹೋಗುವಾಗ ಒಬ್ಬರು ಹಿರಿಯ ಶಿಕ್ಷಕಿ ಅವಳ ಕೈ ಹಿಡಿದು, "ಇಷ್ಟು ವರ್ಷದಲ್ಲಿ ಇದೇ ಚೆನ್ನಾಗಿತ್ತು ಮೇಡಂ. ನಾಳೆನೇ ಮಕ್ಕಳ ಕೈಲಿ ಮಾಡಿಸ್ತೀನಿ" ಎಂದರು. ಅವರು ಮಾಡಿಸುತ್ತಾರೆಂದು ಅವಳಿಗೆ ಖಾತ್ರಿಯಿತ್ತು.

ಎಲ್ಲರೂ ಹೋದ ಮೇಲೆ ಅವಳು ಮೇಜಿಗೆ ಮೆತ್ತಿದ್ದ ಅಂಟನ್ನು ಉಗುರಿನಿಂದ ಕೆರೆಯತೊಡಗಿದಳು. ಸಭಾಂಗಣದವನು ಬಂದು, "ಬಿಡಿ ಮೇಡಂ, ಅದು ಹೋಗಲ್ಲ, ಮೇಲೊಂದು ಬಟ್ಟೆ ಹಾಸ್ತೀವಿ" ಎಂದು ದೀಪ ಆರಿಸಲು ಹೋದ.