ಒಳಮಡಿಕೆ ಇಲ್ಲದ ಲಂಗಗಳು

ಶಾಲೆಯ ಎದುರಿನ ಹೊಲಿಗೆ ಅಂಗಡಿಯಲ್ಲಿ ಮೂವರು ಹೆಂಗಸರು: ಒಡತಿ ಟೈಲರಕ್ಕ, ಗುಂಡಿ-ಕಾಜಾ ಹೊಲಿಯುವ ಅವಳ ಅತ್ತಿಗೆ, ಮಿಷನ್ ತುಳಿಯುವ ಕಿರಿಯವಳೊಬ್ಬಳು. ಹನ್ನೊಂದು ವರ್ಷದಿಂದ ಶಾಲೆಯ ಸಮವಸ್ತ್ರ ಅವರದೇ ಹೊಲಿಗೆ. ಒಂದೊಂದು ಮಗುವಿನ ಅಳತೆ ತೆಗೆದು, ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಕ್ಕೆ ಮಡಿಸಿ ಹೊಲಿಯುವುದು ಟೈಲರಕ್ಕನ ಪದ್ಧತಿ. ಮಗು ಬೆಳೆದಂತೆ ಬಿಚ್ಚಿ ಇಳಿಸಿಕೊಡುವಳು. ಒಂದು ಲಂಗ ಮೂರು ವರ್ಷ ಬರುತ್ತಿತ್ತು.

ಈ ವರ್ಷ ಹೆಡ್‌ಮಾಸ್ತರರು ಹೊಲಿಗೆ ಬೇಡವೆಂದರು. ಕಡಲಾಚೆಯ ಸೇವಾತಂಡವೊಂದು ಸಿದ್ಧ ಉಡುಪು ತರುವುದಿತ್ತು. ಕೆಲಸವಿಲ್ಲದೆ ಕಿರಿಯವಳು ಹೋಟೆಲಿನಲ್ಲಿ ತಟ್ಟೆ ತೊಳೆಯಲು ಹೋದಳು. ಇನ್ನೊಂದು ತಿಂಗಳು ಹೀಗೇ ಆದರೆ ಅಂಗಡಿಗೆ ಬೀಗ.

ತಂಡ ಬಂತು, ಹಂಚಿತು, ಫೋಟೊ ತೆಗೆಸಿಕೊಂಡಿತು. ಉಡುಪು ಬಂದದ್ದು ಚಿಕ್ಕದು, ದೊಡ್ಡದು ಎಂದು ಎರಡೇ ಅಳತೆಯಲ್ಲಿ. ಮರುದಿನ ತಾಯಂದಿರು ಅಂಗಡಿ ಮುಂದೆ ನೆರೆದರು.

“ಒಂಚೂರು ಇಳಿಸ್ಕೊಡು ಅಕ್ಕಾ, ಮಂಡಿ ಮೇಲೇ ನಿಂತುಬಿಟ್ಟಿದೆ.”

ಟೈಲರಕ್ಕ ಅಂಚು ತಿರುವಿ ನೋಡಿದಳು. “ಇಳಿಸೋಕೆ ಬಟ್ಟೆ ಎಲ್ಲಿದೆಯಮ್ಮಾ?”

“ಮಗೂನೇ ಮಡಿಸಿ ಹೊಲಿದುಬಿಡು” ಎಂದಳು ಅತ್ತಿಗೆ.

ಸಂಜೆ ಹೆಡ್‌ಮಾಸ್ತರರು ತಂಡದ ಮುಖ್ಯಸ್ಥೆಯನ್ನು ಕರೆತಂದರು. ಆಕೆಗೆ ಕನ್ನಡ ಬಾರದು; ಅತ್ತಣ ಮಾತು ಇತ್ತ ದಾಟಿಸುವವರೂ ಅವರೇ.

“ದೂರದಿಂದ ಬಂದೋರ ಮರ್ಯಾದೆ ಪ್ರಶ್ನೆ. ಇದನ್ನೆಲ್ಲ ಸರಿಮಾಡಿಕೊಡಿ. ಸೇವೆ ಅಂದ್ಕೊಳ್ಳಿ” ಎಂದರು ಹೆಡ್‌ಮಾಸ್ತರರು.

“ಈ ತಿಂಗಳ ಸಂಬಳ ನೀವೂ ಸೇವೆಗೆ ಬಿಟ್ರಾ ಸಾರ್?” ಅತ್ತಿಗೆ ಕೇಳಿದಳು. ಅದನ್ನು ಅವರು ದಾಟಿಸಲಿಲ್ಲ.

ಮುಖ್ಯಸ್ಥೆ ಮೇಜಿನ ಮೇಲಿದ್ದ ಹಳೆಯ ಲಂಗವೊಂದನ್ನು ಎತ್ತಿಕೊಂಡಳು. ಅಂಚಿನ ಮೇಲೆ ಬಿಚ್ಚಿದ ಹೊಲಿಗೆಯ ಎರಡು ಗೆರೆಗಳಿದ್ದವು. ಏನಿದು ಎಂದಳು.

“ಇದು ಹೋದ ವರ್ಷದ ಎತ್ತರ. ಮೇಲಿಂದು ಅದರ ಹಿಂದಿನ ವರ್ಷದ್ದು” ಎಂದಳು ಟೈಲರಕ್ಕ.

ಆಕೆ ಗೆರೆಗಳ ಮೇಲೆ ಬೆರಳಾಡಿಸಿದಳು. ಮುಂದಿನ ಸಲ ಉಡುಪು ತರುವುದಿಲ್ಲ, ಆ ಹಣ ಶಾಲೆಗೆ ಕಳಿಸುತ್ತೇವೆ, ನೀವೇ ಹೊಲಿಯಿರಿ ಎಂದಳು. ಹೆಡ್‌ಮಾಸ್ತರರ ಮುಖ ಅರಳಿತು. ಟೈಲರಕ್ಕನದು ಅರಳಲಿಲ್ಲ.

“ಬಾಯಿಮಾತು ನಂಬ್ಕೊಂಡು ಹೋಟೆಲ್ ಸೇರಿದೋಳು ವಾಪಸ್ ಬರ್ತಾಳಾ? ಮೂರು ವರ್ಷಕ್ಕೆ ಬರೆದುಕೊಡಿ. ಈಗ ತಂದಿರೋದಕ್ಕೆ ಬೇರೆ ಬಟ್ಟೆಯ ಅಂಚು ಕೂಡಿಸೋ ಕೂಲೀನೂ ಸೇರಿಸಿ.”

“ಅವರು ಕೊಡೋರು, ನಾವು ತಗೊಳ್ಳೋರು. ಷರತ್ತು ಹಾಕೋದು ಚೆನ್ನಾಗಿರುತ್ತೇನಮ್ಮಾ?”

“ನಾನೇನೂ ತಗೋತಿಲ್ಲ ಸಾರ್. ಹೊಲಿದುಕೊಡ್ತೀನಿ. ಹಾಗಂತ ಹೇಳಿ ಅವರಿಗೆ.”

ಅವರು ಹೇಳಿದರು. ಮುಖ್ಯಸ್ಥೆ ನಿಂತಲ್ಲೇ ಬರೆದಳು: ಈಗಿನ ಕೂಲಿ ಸರಿ, ಮೂರು ವರ್ಷವಲ್ಲ, ಎರಡು, ಮೂರನೆಯದಕ್ಕೆ ತಂಡದವರನ್ನು ಕೇಳಬೇಕು. ಕೆಳಗೆ ಹೆಡ್‌ಮಾಸ್ತರರೂ ಸಹಿ ಹಾಕಿದರು.

ಟೈಲರಕ್ಕ ಅದನ್ನು ಅವರಿಂದಲೇ ಎರಡು ಸಲ ಓದಿಸಿ ಕೇಳಿ ಅತ್ತಿಗೆಯ ಕೈಗೆ ಕೊಟ್ಟಳು. “ಹೋಟೆಲ್ ಹಿಂದಿನ ಬಾಗಿಲಿಗೆ ಹೋಗಿ ಅವಳಿಗೆ ತೋರಿಸಿ ಅತ್ತಿಗೆ. ಬೆಳಿಗ್ಗೆ ಎಂಟಕ್ಕೆ ಇಲ್ಲಿರಬೇಕು ಅನ್ನಿ.”

“ಎರಡೇ ವರ್ಷಾನಾ ಅಂದ್ರೆ?”

“ಎರಡು ಅನ್ನಿ. ಮುಚ್ಚಿಡಬೇಡಿ. ಮೊದಲು ಕೈ ಒರೆಸ್ಕೊಳ್ಳೋಕೆ ಹೇಳಿ, ಕಾಗದ ಒದ್ದೆಯಾಗುತ್ತೆ.”